ಬೆರಕೆ ಸೊಪ್ಪಿನ ಆಟ

"ಕಂಟ್ರೋಲರ್ ಸರಿ ಇಲ್ಲ" ಅಂದ ಶಾಂತರಾಜು, ಸತತ ಏಳನೇ ಸಲ ಸೋತ ಮೇಲೆ.

ಅಂದವನೇ ನಾಲಗೆ ಕಚ್ಚಿಕೊಂಡ. ಅವನ ಕೈಯಲ್ಲಿದ್ದದ್ದು ಒಂದನೇ ನಂಬರ್. ಬೆನ್ನಿಗೆ ಬಿಳಿ ಪ್ಲಾಸ್ಟರ್ ಅಂಟಿಸಿ ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಒಂದು ಎಂದು ಬರೆದದ್ದು, ಆ ವಿಡಿಯೋ ಗೇಮ್ ಅಂಗಡಿಯ ಮಾಲೀಕನಾದ ಅವನನ್ನು ಬಿಟ್ಟು ಇನ್ನೊಂದು ನರಪಿಳ್ಳೆ ಮುಟ್ಟದ್ದು. ಪಕ್ಕದಲ್ಲಿ ಕಾಲು ಮಡಿಸಿ ಕೂತಿದ್ದ ನಾದಿನಿ ಶಾಂತಿಯ ಕೈಯಲ್ಲಿದ್ದದ್ದು ಎರಡನೇ ನಂಬರ್. ಎದುರಾಳಿಯ ಏಟನ್ನು ತಡೆಯುವುದಕ್ಕೆ ಬಲಗೈ ತೋರುಬೆರಳಿನ ಕೆಳಗೆ ಒಂದು ಬಟನ್ ಇರುತ್ತದಲ್ಲ, ಬ್ಲಾಕ್ ಬಟನ್ ಅನ್ನುತ್ತಾರೆ, ಎರಡನೇ ನಂಬರಿನಲ್ಲಿ ಅದರ ಒಳಗಿನ ರಬ್ಬರು ಸವೆದು ಮೂರು ವರ್ಷವಾಗಿತ್ತು. ಹತ್ತು ಸಲ ಒತ್ತಿದರೆ ಒಂದು ಸಲ ಕೆಲಸ ಮಾಡಿದರೆ ಪುಣ್ಯ. ಗಿರಾಕಿಗಳು ಅದನ್ನು ಕೊಟ್ಟರೂ ಬೇಡ ಅನ್ನುತ್ತಿದ್ದರು. ಹಾಗಾಗಿ ಅದು ನೆಂಟರಿಷ್ಟರಿಗೆ ಅಂತಲೇ ಮೀಸಲಾಗಿತ್ತು.

"ಕುಣೀನಾರ್ದೋಳು ನೆಲ ಡೊಂಕು ಅಂದ್ಳಂತ" ಅಂದರು ಬಾಗಿಲಿಗೆ ಒರಗಿ ನಿಂತಿದ್ದ ಶಂಭುಲಿಂಗಪ್ಪ. ಪಕ್ಕದ ಟೀ ಅಂಗಡಿಯವರು. ಆಟದ ತಲೆಬುಡ ಗೊತ್ತಿಲ್ಲದಿದ್ದರೂ ಭಾನುವಾರ ಮಧ್ಯಾಹ್ನ ಬಂದು ನೋಡದೆ ಇದ್ದವರಲ್ಲ. "ಒಪ್ಕೊಂಡ್ಬುಡ್ಲಾ ಸಾಂತರಾಜ. ನಾದ್ನಿ ಮುಂದ ಸೋತ್ರ ಮೀಸ ಉದುರೋಗಲ್ಲ."

ಆಡಲು ಬಂದಿದ್ದ ಕಾಲೇಜಿನವರು ಗೊಳ್ಳೆಂದು ನಕ್ಕರು. ಶಾಂತರಾಜುವೂ ನಕ್ಕ. ನಗದೆ ಏನು ಮಾಡುತ್ತಾನೆ? ಅವನ ತಲೆಯ ಮೇಲೇ, ಗೋಡೆಯಲ್ಲಿ, ಅವನದೇ ಆಳೆತ್ತರದ ಫೋಟೋ ಕೈಕಟ್ಟಿ ನಿಂತಿತ್ತು. ಕೆಳಗೆ ಕೆಂಪು ಅಕ್ಷರದಲ್ಲಿ: ಜಿಲ್ಲಾ ಚಾಂಪಿಯನ್, ಮೂರು ಸಲ.

ಆ ಮೂರು ಸಲವೂ ಸುಳ್ಳಲ್ಲ. ವರ್ಷಕ್ಕೊಮ್ಮೆ ಗುಂಡ್ಲುಪೇಟೆಯ ಕಲ್ಯಾಣಮಂಟಪದಲ್ಲಿ ನಡೆಯುವ ಫೈಟಿಂಗ್ ಗೇಮ್ ಪಂದ್ಯದಲ್ಲಿ ಚಾಮರಾಜನಗರದ ಶಾಂತರಾಜು ಅಂದರೆ ನುಗ್ಗಾಟ. ಗಂಟೆ ಹೊಡೆದ ಕೂಡಲೇ ಎದುರಾಳಿಯ ಮೈಮೇಲೆ ಬೀಳುವುದು, ಮೂಲೆಗೆ ತಳ್ಳುವುದು, ಉಸಿರಾಡಲು ಬಿಡದೆ ಬಡಿಯುವುದು. ಗುಂಡ್ಲುಪೇಟೆಯ ಜವಳಿ ಅಂಗಡಿಯ ಸಾಗರ್‌ನದು ಇದಕ್ಕೆ ತದ್ವಿರುದ್ಧ, ಕಾಯೋ ಆಟ. ಅವನು ದೂರದಲ್ಲಿ ಗೋಡೆ ಕಟ್ಟಿಕೊಂಡು ಕೂತು, ನೀನೇ ಬಾ ಅಂತ ಕಾದು, ತಪ್ಪು ಮಾಡಿದಾಗ ಒಂದೇ ಏಟು ಹಾಕುತ್ತಾನೆ. ಜಿಲ್ಲೆಯಲ್ಲಿ ಯಾರು ಆಡಿದರೂ ಒಂದೋ ಶಾಂತರಾಜುವಿನ ಹಾಗೆ, ಇಲ್ಲಾ ಸಾಗರ್‌ನ ಹಾಗೆ. ಮೂರನೆಯದು ಇರಲಿಲ್ಲ, ಶಾಂತಿ ಬರುವವರೆಗೆ.

ಶಾಂತಿ ಅವನ ಹೆಂಡತಿ ಕುಮಾರಿಯ ತಂಗಿ. ಗುಂಡ್ಲುಪೇಟೆಯಲ್ಲಿ, ಊಟಿ ರಸ್ತೆಯ ಪೆಟ್ರೋಲ್ ಬಂಕಿನಲ್ಲಿ ಕೆಲಸ. ವಾರದ ರಜೆಗೆ ಬಸ್ಸು ಹತ್ತಿ ಅಕ್ಕನ ಮನೆಗೆ ಬರುವಳು. ಅಕ್ಕನ ಅಡುಗೆ ಆಗುವವರೆಗೆ ಹೊತ್ತು ಹೋಗಲಿ ಅಂತ ಎರಡು ವರ್ಷದ ಹಿಂದೆ ಅಂಗಡಿಗೆ ಬಂದು ಕೂತವಳ ಕೈಗೆ ಎರಡನೇ ನಂಬರ್ ಕೊಟ್ಟು, ಇದು ಒದೆ, ಇದು ಗುದ್ದು ಅಂತ ಹೇಳಿಕೊಟ್ಟವನು ಸಾಕ್ಷಾತ್ ಶಾಂತರಾಜುವೇ. ನುಗ್ಗುವುದನ್ನು ಅವಳು ಭಾವನಿಂದ ಕಲಿತಳು. ಕಾಯುವುದನ್ನು ಗುಂಡ್ಲುಪೇಟೆಯಲ್ಲಿ ಸಾಗರ್‌ನ ಗುಂಪಿನ ಜೊತೆ ಆಡಿ ಕಲಿತಳು. ಮಿಕ್ಕದ್ದನ್ನು ಎಲ್ಲಿಂದ ತಂದಳೋ ಆ ಶಿವನಿಗೇ ಗೊತ್ತು.

ಆಟದ ಪಾತ್ರಗಳಲ್ಲಿ ಅವಳು ಆರಿಸಿಕೊಳ್ಳುತ್ತಿದ್ದದ್ದು ಯಾರೂ ಆರಿಸದ ಒಬ್ಬ ಬಿಳಿ ಜಡೆಯ ಮುದುಕಿಯನ್ನು. ಮುದುಕಿ ನುಗ್ಗುವವಳ ಹಾಗೆ ಬರುವಳು. ಎದುರಿನವನು ಕೈ ಎತ್ತಿದ ಅಂದರೆ ಅರ್ಧ ಹೆಜ್ಜೆ ಹಿಂದೆ ಸರಿಯುವಳು. ಏಟು ಮೂಗಿನ ಮುಂದೆ ಗಾಳಿಗೆ ಹೋಗುವುದು. ಆಗ ಮೊಣಕಾಲಿಗೆ ಒಂದು ಚಿಕ್ಕ ಒದೆ, ಅದರ ಹಿಂದೆಯೇ ಶಾಂತರಾಜುವಿನದೇ ನುಗ್ಗಾಟ. ಎದುರಿನವನು ಕಾದು ಕೂತರೆ ಅವಳೂ ಏನೋ ಗುನುಗುತ್ತಾ ಕಾದು ಕೂರುವಳು. ಅವಳನ್ನು ಹಿಡಿಯಲು ಒಂದೇ ಜಾಗ, ಮೂಲೆ. ಮೂಲೆಗೆ ಸಿಕ್ಕಿಸಿದರೆ ಹಿಂದೆ ಸರಿಯಲು ಜಾಗವಿರದೆ ಏಟು ತಿನ್ನುವಳು. ಅಲ್ಲಿಗೆ ಬಂದರೆ ತಾನೆ!

"ಇದು ಬೆರಕೆ ಸೊಪ್ಪಿನ ಸಾರು ಕಣ್ಲಾ" ಅಂದಿದ್ದರು ಶಂಭುಲಿಂಗಪ್ಪ. "ಒಲದಲ್ಲಿ ಸಿಕ್ಕುದ್ದ ಸೊಪ್ಪೆಲ್ಲ ಕುಯ್ಕೊಬಂದು ಒಂದೇ ಮಡಕಗ ಆಕವ್ಳ. ಯಾವ್ದು ಅಣ್ಣೆ, ಯಾವ್ದು ಕೀರೆ ಅಂತ ಯೋಳಕಾದದ? ಆದ್ರ ರುಚಿ ನೋಡು!"

ಹೆಸರು ಅಂಟಿಕೊಂಡಿತು. ಎಲ್ಲರ ಬಾಯಲ್ಲೂ ಶಾಂತಿಯ ಬೆರಕೆ ಸೊಪ್ಪಿನ ಆಟ. ಶಾಂತರಾಜುವಿನ ಆಟಕ್ಕೆ ಹತ್ತು ವರ್ಷದಲ್ಲಿ ಒಬ್ಬನೂ ಹೆಸರಿಟ್ಟಿರಲಿಲ್ಲ.

ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರು ಕೊಟ್ಟು ಮರ್ಯಾದೆ ಮಾಡುವುದು ಬೇಡ. ಸೋತದ್ದಕ್ಕಲ್ಲ. ಸಾಗರ್ ಎಷ್ಟೋ ಸಲ ಸೋಲಿಸಿದ್ದ, ಅವತ್ತೂ ಶಾಂತರಾಜು ಎರಡು ಮುದ್ದೆ ಉಂಡು ಹಾಯಾಗಿ ಮಲಗಿದ್ದ. ಉರಿದದ್ದು ಬೇರೆ ಕಾರಣಕ್ಕೆ. ಅವನ ನುಗ್ಗಾಟ ಅವನದಲ್ಲ. ಯಾವನೋ ಕೊರಿಯಾದ ಆಟಗಾರನ ವಿಡಿಯೋ ಹಾಕಿಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡಿ, ಬೆರಳಿಗೆ ಬೆರಳು ಹೊಂದಿಸಿ ಹತ್ತು ವರ್ಷ ತಿದ್ದಿದ ಕೈ ಅದು. ಚೆನ್ನಾಗಿಯೇ ತಿದ್ದಿದ್ದ, ಇಲ್ಲ ಅಂತಲ್ಲ. ಆದರೆ ತಿದ್ದಿದ್ದು. ಇವಳು ನಿನ್ನೆ ಮೊನ್ನೆ ಬಂದವಳು, ಯಾರ ಆಟವನ್ನೂ ಪೂರ್ತಿ ಕಲಿಯದವಳು, ತನ್ನದು ಅಂತ ಒಂದು ಆಟ ಮಾಡಿಕೊಂಡು ಕಾಲು ಮಡಿಸಿ ಕೂತುಬಿಟ್ಟಿದ್ದಳು.

ಅವತ್ತು ಊಟಕ್ಕೆ ಕೂತಾಗ ಕುಮಾರಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. "ಏಳಕ್ಕ ಏಳೂ ಗೆದ್ಬುಟ್ಳಂತಲ್ಲ!" ಅಂದು ತಂಗಿಯ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. "ಈ ಸಲ ಗುಂಡ್ಲುಪೇಟಲಿ ಇವ್ಳೂ ಎಸ್ರು ಕೊಟ್ಟವ್ಳ, ಗೊತ್ತಾ ನಿಮ್ಗ? ಗೆದ್ರ ಮೈಸೂರ್ಗ ಓಯ್ತಾಳಂತ."

"ಊಂ" ಅಂದ ಶಾಂತರಾಜು. ಗೆದ್ದವರು ಮೈಸೂರಿನ ರಾಜ್ಯಮಟ್ಟದ ಪಂದ್ಯಕ್ಕೆ ಹೋಗುವುದು ಅವನಿಗೆ ಗೊತ್ತಿಲ್ಲವೆ? ಮೂರು ಸಲ ಹೋಗಿ ಮೂರು ಸಲವೂ ಮೊದಲ ಸುತ್ತಿನಲ್ಲೇ ಸೋತು ಬಂದವನು ಅವನು.

ಶಾಂತಿ ತಲೆ ತಗ್ಗಿಸಿಕೊಂಡೇ ಕೇಳಿದಳು. "ಭಾವ, ಅಲ್ಲಿಗ ಅವ್ರವ್ರ ಕಂಟ್ರೋಲರ್ ಅವ್ರವ್ರೇ ತರ್ಬೇಕಂತ. ಎಲ್ಡ್ನೇ ನಂಬರ್ ಒಂದಿನ ಕೊಟ್ಟೀರಾ?"

"ಅಯ್ಯೊ, ಅದ್ಯಾಕ ಆ ಕೆಟ್ಟೋಗಿರದು?" ಅಂದಳು ಕುಮಾರಿ. "ಒಳ್ಳೇದೊಂದ ಕೊಡ್ತಾರ ಬುಡು."

"ಬ್ಯಾಡ ಕಣಕ್ಕ. ನಂಗ ಅದೇ ಕೈಗ ಒಗ್ಗೋಗದ."

ಆ ಮಾತು ಶಾಂತರಾಜುವಿನ ತಲೆಯಲ್ಲಿ ಸಿಕ್ಕಿಕೊಂಡಿತು. ಸೋಮವಾರವೆಲ್ಲ ಇತ್ತು. ಮಂಗಳವಾರ ಮಧ್ಯಾಹ್ನ ಕರೆಂಟು ಹೋಗಿ ಅಂಗಡಿ ಖಾಲಿಯಾದಾಗ ಅವನು ಫೋನಿನಲ್ಲಿ ಶಾಂತಿಯ ಆಟಗಳನ್ನು ಹಾಕಿಕೊಂಡು ಕೂತ. ಅಂಗಡಿಯಲ್ಲಿ ನಡೆಯುವ ಒಳ್ಳೆಯ ಆಟಗಳನ್ನೆಲ್ಲ, ಟಿವಿಯ ಜೊತೆ ಆಡುವವರ ಕೈಯೂ ಕಾಣುವ ಹಾಗೆ, ರೆಕಾರ್ಡ್ ಮಾಡಿಡುವುದು ಅವನ ರೂಢಿ. ಎಲ್ಲಿ ಬಿರುಕಿದೆ ನೋಡೋಣ ಅಂತ ಹುಡುಕಿದ. ಒಂದು ಆಟ ನೋಡಿದ, ಎರಡು ನೋಡಿದ, ಆರು ನೋಡಿದ. ಆಮೇಲೆ ಎದ್ದು ನೀರು ಕುಡಿದು ಬಂದು ಮತ್ತೆ ನೋಡಿದ. ಆರೂ ಆಟಗಳಲ್ಲಿ ಮುದುಕಿ ಒಂದೇ ಒಂದು ಏಟನ್ನೂ ಕೈ ಅಡ್ಡ ಹಿಡಿದು ತಡೆದಿರಲಿಲ್ಲ.

ಕರೆಂಟು ಬಂದ ಮೇಲೆ ಎರಡನೇ ನಂಬರನ್ನು ಮೂರು ವರ್ಷದಲ್ಲಿ ಮೊದಲ ಸಲ ತಾನೇ ಕೈಗೆತ್ತಿಕೊಂಡ. ಕಂಪ್ಯೂಟರಿನ ಎದುರು ಆಡಿದ. ಒತ್ತಿದರೆ ಬ್ಲಾಕ್ ಆಗದು, ಬುರುಡೆಗೆ ಏಟು. ಮತ್ತೆ ಒತ್ತಿದ, ಮತ್ತೆ ಏಟು. ನಾಲ್ಕು ಸಲ ಬಿದ್ದ. ಐದನೇ ಸಲ ಬೇರೆ ದಾರಿಯಿಲ್ಲದೆ ಅರ್ಧ ಹೆಜ್ಜೆ ಹಿಂದೆ ಸರಿದ. ಏಟು ಮೂಗಿನ ಮುಂದೆ ಹೋಯಿತು.

ಅಷ್ಟೇ ಗುಟ್ಟು! ತಡೆಯಲು ಬಟನ್ ಇಲ್ಲದವಳು ಸರಿಯುವುದನ್ನು ಕಲಿತಿದ್ದಳು. ಸರಿದು ಸುಮ್ಮನಿದ್ದರೆ ಸಾಯುತ್ತಿದ್ದಳು, ಅದಕ್ಕೇ ಚಿಕ್ಕ ಒದೆ. ಒದ್ದು ನಿಂತರೆ ಎದುರಿನವನು ಎದ್ದು ಬರುತ್ತಿದ್ದ, ಅದಕ್ಕೇ ನುಗ್ಗಾಟ. ಇಡೀ ಬೆರಕೆ ಸೊಪ್ಪು ಬೆಳೆದದ್ದು ಸವೆದುಹೋದ ಒಂದು ರಬ್ಬರಿನ ಮೇಲೆ. ಅದನ್ನು ಬದಲಾಯಿಸಲು ಸೋಮಾರಿತನ, ನೆಂಟರಿಗೆ ಇದೇ ಸಾಕು ಅನ್ನುವ ಜಿಪುಣತನ, ಎರಡೂ ಅವನದೇ. ಅವಳ ಸ್ವಂತ ಆಟವನ್ನು ಅವಳಿಗೆ ಕೊಟ್ಟವನು ತಾನೇ ಎಂದು ತಿಳಿದಾಗ ಯಾರಿಗಾದರೂ ಹೆಮ್ಮೆಯಾಗಬೇಕು. ಅವನಿಗೆ ಉರಿ ಎರಡು ಪಟ್ಟಾಯಿತು. ಒಳ್ಳೆಯ ಕಂಟ್ರೋಲರನ್ನು ತಾನಿಟ್ಟುಕೊಂಡು ತಾನು ಹಾಗೇ ಉಳಿದಿದ್ದ, ಕೆಟ್ಟದ್ದನ್ನು ಹಿಡಿದವಳು ಬೆಳೆದಿದ್ದಳು.

ವಿಡಿಯೋದಲ್ಲಿ ಇನ್ನೊಂದು ಸಂಗತಿಯೂ ಕಂಡಿತು. ಅವಳ ಬಲಗೈ ತೋರುಬೆರಳು ಆ ಸತ್ತ ಬಟನ್ನಿನ ಮೇಲೆ ಯಾವಾಗಲೂ ಭಾರ ಬಿಟ್ಟುಕೊಂಡು ಕೂತಿರುತ್ತಿತ್ತು, ಜಗಲಿ ಕಂಬಕ್ಕೆ ಒರಗಿದ ಹಾಗೆ. ಬಟನ್ ಕೆಲಸ ಮಾಡುವುದಿಲ್ಲವಲ್ಲ, ಒರಗಿದರೇನು ನಷ್ಟ? ಆದರೆ ಕೆಲಸ ಮಾಡಿದರೆ? ಬೆರಳು ಒರಗಿದಷ್ಟು ಹೊತ್ತೂ ಮುದುಕಿ ಕೈ ಅಡ್ಡ ಹಿಡಿದು ನಿಂತೇ ಇರುವಳು, ಸರಿಯಲೂ ಆಗದು, ಒದೆಯಲೂ ಆಗದು.

ಬುಧವಾರ ಅವನು ಮೈಸೂರಿನ ಅಂಗಡಿಗೆ ಫೋನ್ ಮಾಡಿ ಹೊಸ ರಬ್ಬರಿಗೆ ಹೇಳಿದ. ಶುಕ್ರವಾರ ಬಸ್ಸಿನಲ್ಲಿ ಬಂತು, ಉಗುರಿನಷ್ಟು ಕಪ್ಪು ಚೂರು. ನಾಲ್ಕು ಸ್ಕ್ರೂ ಬಿಚ್ಚಿ, ಹಳೆಯದನ್ನು ತೆಗೆದು, ಹೊಸದನ್ನು ಕೂರಿಸಲು ಹತ್ತು ನಿಮಿಷ ಹಿಡಿಯಿತು. ಒತ್ತಿ ನೋಡಿದ. ಬಟನ್ ಮುಟ್ಟಿದರೆ ಮಾತಾಡುತ್ತಿತ್ತು. ಹಳೆಯ ರಬ್ಬರನ್ನು ಎಸೆಯಲು ಯಾಕೋ ಕೈ ಬರದೆ ಅಂಗಿಯ ಜೇಬಿಗೆ ಹಾಕಿಕೊಂಡ. ಕೆಟ್ಟದ್ದನ್ನು ರಿಪೇರಿ ಮಾಡುವುದು ತಪ್ಪಾ, ಅಂತ ತನ್ನನ್ನೇ ಕೇಳಿಕೊಂಡ. ತಪ್ಪಲ್ಲ, ಅಂತ ತಾನೇ ಹೇಳಿಕೊಂಡ.

"ಈಗಾದ್ರೂ ಬುದ್ಧಿ ಬಂತಲ್ಲ ನನ್ ದೊರಗ!" ಅಂದು ಕುಮಾರಿ ಶನಿವಾರ ಶಾವಿಗೆ ಪಾಯಸ ಮಾಡಿದಳು. ಅವನು ಎರಡು ಲೋಟ ಕುಡಿದ.

ಭಾನುವಾರ ಗಂಡ ಹೆಂಡತಿ ಬಸ್ಸಿನಲ್ಲಿ ತೆರಕಣಾಂಬಿ ದಾಟಿ ಗುಂಡ್ಲುಪೇಟೆಗೆ ಬಂದಿಳಿದಾಗ ಹತ್ತು ಗಂಟೆ. ಕಲ್ಯಾಣಮಂಟಪದಲ್ಲಿ ವಧೂವರರು ಕೂರುವ ವೇದಿಕೆಯ ಮೇಲೆ ನಾಲ್ಕು ಟಿವಿ ಇಟ್ಟಿದ್ದರು. ಬತ್ತೇರಿಯಿಂದ ಮಲಯಾಳಿಗಳ ಒಂದು ಗುಂಪು, ತಾಳವಾಡಿಯಿಂದ ನಾಲ್ಕು ಜನ, ಮಿಕ್ಕವರೆಲ್ಲ ನಮ್ಮವರೇ. ಸಾಗರ್ ಮೈಕು ಹಿಡಿದು ಓಡಾಡುತ್ತಿದ್ದ. ಆಡುವವನೂ ಅವನೇ, ನಡೆಸುವವನೂ ಅವನೇ. ಎರಡು ಸಲ ಸೋತರೆ ಮನೆಗೆ ಅನ್ನುವುದು ಅಲ್ಲಿಯ ನಿಯಮ. ಫೈನಲ್‌ಗೆ ಮಾತ್ರ ಲೆಕ್ಕ ಹೊಸದು, ಮೊದಲು ಮೂರು ಗೆದ್ದವರದು.

ಅವತ್ತು ರಜೆ ಸಿಗದ ಶಾಂತಿ ಬೆಳಗಿನ ಅರ್ಧ ಪಾಳಿ ಮುಗಿಸಿ ಬಂಕಿನ ಯೂನಿಫಾರ್ಮಿನಲ್ಲೇ ಓಡಿಬಂದಳು. ಶಾಂತರಾಜು ಚೀಲದಿಂದ ಎರಡನೇ ನಂಬರ್ ತೆಗೆದುಕೊಟ್ಟ.

"ಬ್ಲಾಕ್ ಬಟನ್ ಸರಿ ಮಾಡಿವ್ನಿ ಕಣಮ್ಮಿ."

ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಮುಖವೆಲ್ಲ ಹಲ್ಲಾಯಿತು. "ನಂಗೋಸ್ಕರನಾ ಭಾವ?"

ಶಾಂತರಾಜು ಟಿವಿಗಳ ಕಡೆ ನೋಡಿದ. ಮೈಕಿನಲ್ಲಿ ಅವಳ ಹೆಸರು ಕೂಗಿದರು. ಒಂದು ಸಲ ಆಡಿ ನೋಡಲೂ ಅವಳಿಗೆ ಹೊತ್ತಿರಲಿಲ್ಲ.

ಬತ್ತೇರಿಯವನೊಬ್ಬನ ಎದುರು ಮೊದಲ ಆಟ. ಮುದುಕಿ ಎಂದಿನಂತೆ ಮುಂದೆ ಬಂದಳು, ಬಂದವಳು ಅಲ್ಲೇ ನಿಂತುಬಿಟ್ಟಳು. ಎರಡೂ ಕೈ ಎದೆಗೆ ಅಡ್ಡ ಹಿಡಿದು ಗಟ್ಟಿಯಾಗಿ ನಿಂತಳು. ಹಿಂದೆ ಸರಿಯಬೇಕಾದಾಗ ಸರಿಯಲಿಲ್ಲ, ಒದೆಯಬೇಕಾದಾಗ ಒದೆಯಲಿಲ್ಲ. ಅಡ್ಡ ಕೈಗೆ ಏಟು ತಾಗದಿದ್ದರೂ ಹಿಡಿದು ಎತ್ತಿಹಾಕಬಹುದಲ್ಲ, ಅವನು ಅನಾಯಾಸವಾಗಿ ಎತ್ತಿ ಎತ್ತಿ ಹಾಕಿದ. ಶಾಂತಿ ಟಿವಿ ನೋಡಿದಳು, ಕಂಟ್ರೋಲರ್ ನೋಡಿದಳು, ಮತ್ತೆ ಟಿವಿ ನೋಡಿದಳು. ಅಷ್ಟರಲ್ಲಿ ಮುಗಿದಿತ್ತು. ಜನ ಅಯ್ಯೋ ಅಂದರು. ಶಾಂತರಾಜುವಿಗೆ ಸಂತೋಷವಾಯಿತು. ಸುಳ್ಳು ಯಾಕೆ, ಹೊಟ್ಟೆಗೆ ತಣ್ಣನೆಯ ಮಜ್ಜಿಗೆ ಬಿದ್ದ ಹಾಗಾಯಿತು.

ಅವಳು ನೇರ ಅವನ ಹತ್ತಿರವೇ ಬಂದಳು. ಕಣ್ಣು ತುಂಬಿತ್ತು.

"ನನ್ ಕೈಗ ಏನೋ ಆಗದ ಭಾವ. ಬೆಳಗ್ಗಿಂದ ಪೆಟ್ರೋಲ್ ಪೈಪ್ ಇಡ್ದು ಇಡ್ದು ಬೆರಳು ಮರಗಟ್ಟೋಗದೇನೊ. ನಾನ್ ಯೋಳ್ದಂಗ ಕೇಳ್ತನೇ ಇಲ್ಲ."

ಕಂಟ್ರೋಲರನ್ನು ಅನುಮಾನಿಸಲಿಲ್ಲ ಅವಳು. ಭಾವ ರಿಪೇರಿ ಮಾಡಿಕೊಟ್ಟದ್ದನ್ನು ಹೇಗೆ ಅನುಮಾನಿಸುತ್ತಾಳೆ? ತನ್ನ ಕೈಯನ್ನೇ ಬೈದುಕೊಂಡಳು. ಬೆರಳು ಎತ್ತಮ್ಮಿ, ಆ ಬಟನ್ನಿನ ಮೇಲಿಂದ ಬೆರಳು ಎತ್ತು. ಇಷ್ಟೇ ಮಾತು. ನಾಲಗೆಯ ತುದಿಯಲ್ಲೇ ಇತ್ತು.

"ಟೆನ್ಸನ್ ಮಾಡ್ಕಬ್ಯಾಡ" ಅಂದ ಶಾಂತರಾಜು. "ಇನ್ನೊಂದ್ ಸಲ ಅದಲ್ವ."

ಅವನ ಆಟ ಅವತ್ತು ಎಣ್ಣೆ ಹಾಕಿದ ಹಾಗೆ ನಡೆಯಿತು. ತಾಳವಾಡಿಯವನನ್ನು ಹೊಡೆದ, ಬತ್ತೇರಿಯವನನ್ನು ಹೊಡೆದ, ಸಾಗರ್‌ನ ಗೋಡೆಯನ್ನೂ ಒಡೆದ. ನೇರ ಫೈನಲ್. ಕೈ ತೊಳೆಯಲೆಂದು ಹಿತ್ತಲ ಕಡೆ ಹೋದವನು ಬಾಗಿಲಲ್ಲೇ ನಿಂತ. ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಶಾಂತಿ ಒಬ್ಬಳೇ ಕೂತಿದ್ದಳು. ಎರಡನೇ ನಂಬರ್ ಕೈಯಲ್ಲಿತ್ತು, ಯಾವ ಟಿವಿಗೂ ಸೇರಿರಲಿಲ್ಲ. ಕಣ್ಣು ಮುಚ್ಚಿಕೊಂಡು ತೋರುಬೆರಳನ್ನು ಎತ್ತುವಳು, ಒಮ್ಮೆ ಮುಟ್ಟುವಳು, ಎತ್ತುವಳು. ಟಿಕ್. ಟಿಕ್.

ಅವನಿಗೆ ಆ ಬೆರಳು ಗೊತ್ತು. ಒಮ್ಮೆ ಅವಳ ಬಂಕಿಗೆ ಬೈಕ್ ತಂದಿದ್ದಾಗ ನೋಡಿದ್ದ. ಅಲ್ಲೊಂದು ಹಳೆಯ ಮೆಷಿನ್ನು, ತಾನಾಗಿ ನಿಲ್ಲುವುದಿಲ್ಲ, ಕೈಯಲ್ಲೇ ನಿಲ್ಲಿಸಬೇಕು. ಐದು ಲೀಟರ್ ಅಂದರೆ ಶಾಂತಿ ಮುಕ್ಕಾಲು ಪಾಲು ರಭಸದಿಂದ ಬಿಟ್ಟು, ಕೊನೆಯಲ್ಲಿ ಟಿಕ್, ಟಿಕ್ ಅಂತ ಬೆರಳ ತುದಿಯಲ್ಲಿ ಹನಿ ಹನಿ ಬಿಟ್ಟು, ಐದಕ್ಕೆ ಸರಿಯಾಗಿ ಮುಳ್ಳು ತಂದು ನಿಲ್ಲಿಸುತ್ತಿದ್ದಳು. ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಶಾಂತರಾಜು ಕೈ ತೊಳೆಯದೆ ವಾಪಸ್ಸು ಬಂದ.

ಮಧ್ಯಾಹ್ನದ ಮೇಲೆ ಶಾಂತಿ ಸೋಲಲಿಲ್ಲ. ಮೊದಲೆರಡು ಆಟ ತಡವರಿಸಿಕೊಂಡು ಗೆದ್ದಳು. ಮೂರನೆಯದರಲ್ಲಿ ಬತ್ತೇರಿಯ ಅದೇ ಆಟಗಾರನನ್ನು ಮನೆಗೆ ಕಳಿಸಿದಳು. ನಾಲ್ಕನೆಯದರಲ್ಲಿ ಸಾಗರ್ ಸೋತು ಎದ್ದು, ಮೈಕು ಹಿಡಿದು, "ಫೈನಲ್, ಭಾವ ವರ್ಸಸ್ ನಾದ್ನಿ!" ಎಂದು ಕೂಗಿದಾಗ ಮಂಟಪವೆಲ್ಲ ಶಿಳ್ಳೆ. ಕುಮಾರಿ ಮುಂದಿನ ಸಾಲಿಗೆ ಬಂದು ಕೂತಳು.

"ಯಾರ್ ಕಡೀಕಮ್ಮ ನೀವು?" ಅಂತ ಯಾರೋ ಕೇಳಿದರು.

"ನಂಗ ಇಬ್ರೂ ಒಂದೇ" ಅಂದಳು. ಕಣ್ಣು ಮಾತ್ರ ತಂಗಿಯ ಕೈಯ ಮೇಲಿತ್ತು. ಶಾಂತರಾಜು ಅದನ್ನೂ ನೋಡಿದ.

ಎರಡು ಅವನು ಗೆದ್ದ. ಎರಡು ಅವಳು ಗೆದ್ದಳು. ಐದನೆಯದರಲ್ಲಿ ಗಂಟೆ ಹೊಡೆದದ್ದೇ ಶಾಂತರಾಜು ಹತ್ತು ವರ್ಷವನ್ನೆಲ್ಲ ಬೆರಳಿಗೆ ತಂದುಕೊಂಡು ನುಗ್ಗಿದ. ಸರಿಯಲು ಬಿಡದೆ ಹೆಜ್ಜೆ ಹೆಜ್ಜೆಗೂ ತಳ್ಳಿದ. ಮುದುಕಿಯ ಬೆನ್ನು ಮೂಲೆಗೆ ತಾಗಿತು. ಬಂತು! ಇಲ್ಲಿಂದ ಅವಳು ಯಾವತ್ತೂ ಎದ್ದು ಬಂದವಳಲ್ಲ. ಅವನು ಮೇಲೆ ಗುದ್ದಿದ.

ಟಿಕ್. ಮುದುಕಿಯ ಕೈ ಅಡ್ಡ ಬಂತು.

ಕೆಳಗೆ ಒದ್ದ. ಟಿಕ್. ಮತ್ತೆ ಮೇಲೆ. ಟಿಕ್. ಅವನು ಹೊಡೆದದ್ದಷ್ಟನ್ನೂ, ಏಟು ತಾಗುವ ಗಳಿಗೆಗೆ ಸರಿಯಾಗಿ, ಒಂದು ಹನಿ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ತಡೆದಳು. ಮಡಕೆಗೆ ಇನ್ನೊಂದು ಸೊಪ್ಪು ಬಿದ್ದಿತ್ತು. ಅದನ್ನು ಕುಯ್ದು ತಂದು ಕೈಗೆ ಕೊಟ್ಟವನು ಅವನೇ. ಕೊನೆಯ ಗುದ್ದು ಖಾಲಿ ಹೋದಾಗ ಮೊಣಕಾಲಿಗೆ ಆ ಚಿಕ್ಕ ಒದೆ ಬಿತ್ತು. ಅದರ ಹಿಂದೆ ಬಂದದ್ದು ಅವನದೇ ನುಗ್ಗಾಟ, ಅವನಿಗಿಂತ ಚೆನ್ನಾಗಿ.

ಸಾಗರ್ ಅವಳ ಬಾಯಿಗೆ ಮೈಕು ಹಿಡಿದ. ಶಾಂತಿ ಎರಡನೇ ನಂಬರನ್ನು ಎತ್ತಿ ತೋರಿಸಿದಳು. "ಇದ್ರಲ್ಲಿ ಬ್ಲಾಕ್ ಬಟನ್ನೇ ಇರ್ನಿಲ್ಲ. ನಮ್ ಭಾವ ರಿಪೇರಿ ಮಾಡ್ಕೊಟ್ರು. ಇಲ್ದಿದ್ರ ನಾನು ಮೂಲಲ್ಲೇ ಸತ್ತೋಯ್ತಿದ್ದೆ."

ಚಪ್ಪಾಳೆ ಪೂರ್ತಿ ಶಾಂತರಾಜುವಿನ ಕಡೆ ತಿರುಗಿತು. "ಭಾವ ಅಂದ್ರ ಇಂಗಿರ್ಬೇಕು ಕಣ್ಲಾ!" ಅಂತ ಹಿಂದಿನಿಂದ ಯಾರೋ ಕೂಗಿದರು. ಅವನು ಎದ್ದು ನಿಂತು ಕೈ ಮುಗಿದ. ಒಂದು ಸಲ ಮುಗಿದರೆ ಸಾಲದೆ ಎರಡು ಸಲ ಮುಗಿಯಬೇಕಾಯಿತು.

ಸಂಜೆ ಬಸ್‌ಸ್ಟ್ಯಾಂಡಿಗೆ ಶಾಂತಿ ಕಳಿಸಿಕೊಡಲು ಬಂದಳು. ಕುಮಾರಿ ಹೂ ಕೊಳ್ಳಲು ಅತ್ತ ಹೋದಾಗ ಎರಡನೇ ನಂಬರನ್ನು ಚೀಲದಿಂದ ತೆಗೆದು ಅವನ ಕೈಗಿಟ್ಟಳು.

"ನೀನೇ ಇಟ್ಕೊಮ್ಮಿ. ಮೈಸೂರ್ಗ ಬೇಕಾಯ್ತದ" ಅಂದ ಶಾಂತರಾಜು.

ಅವಳು ವಾಪಸ್ಸು ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಕೇಳಿದಳು. "ಭಾವ, ಆ ಅಳೇ ರಬ್ಬರ್ ಏನ್ ಮಾಡುದ್ರಿ?"

"ಎಸ್ದ್ಬುಟ್ಟೆ."

ಅವಳು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಕೋಪವೇನೂ ಇರಲಿಲ್ಲ. "ಇದ್ದಿದ್ರ ನಾನ್ ಇಟ್ಕತಿದ್ದೆ" ಅಂದಳು. "ಅದ್ರಲ್ಲೇ ಅಲ್ವ ಕಲ್ತುದ್ದು."

ಬಸ್ಸು ಬಂತು. ಕುಮಾರಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು, ಊರು ದಾಟುವ ಮೊದಲೇ ಅವನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದಳು. ಚೆಂಡು ಹೂವಿನ ಹೊಲಗಳ ಮೇಲೆ ಇನ್ನೂ ಬಿಸಿಲಿತ್ತು. ಶಾಂತರಾಜು ಅಂಗಿಯ ಜೇಬಿಗೆ ಕೈ ಹಾಕಿ ಆ ಹಳೆಯ ರಬ್ಬರಿನ ಚೂರನ್ನು ತೆಗೆದ. ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಒತ್ತಿದ. ಅದು ಒತ್ತಿದಲ್ಲೇ ಉಳಿಯಿತು. ಮತ್ತೆ ಸರಿಪಡಿಸಿ ಒತ್ತಿದ. ತೆರಕಣಾಂಬಿ ಬರುವವರೆಗೂ ಒತ್ತುತ್ತಲೇ ಇದ್ದ.